ಅಣ್ಣನ ಹೆಸರು ಕೇಳಿ

ಟಲ್ಸಾ, ಒಕ್ಲಹೋಮ
10 ಫೆಬ್ರವರಿ 2013

ಅಣ್ಣಾ,

ಈ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ ಎಂಬುದು ಒಂದು ಚಿಂತೆ. ಸೇರಿದರೆ ನೀನು ಒಡೆದು ಓದುತ್ತೀಯೋ ಹಾಗೇ ಒಲೆಗೆ ಹಾಕುತ್ತೀಯೋ ಎಂಬುದು ಇನ್ನೊಂದು. ನಮ್ಮ ಚರ್ಚಿನ ಹಿರಿಯರೊಬ್ಬರು ತಮ್ಮ ತಾಯಿಯನ್ನು ನೋಡಲು ನಮ್ಮ ಬೆಟ್ಟಕ್ಕೆ ಹೊರಟಿದ್ದಾರೆ. ಯಾಂಗೋನ್‌ವರೆಗೆ ವಿಮಾನ, ಕಲೇಮ್ಯೋವರೆಗೆ ಬಸ್ಸು, ತೆದಿಮ್‌ವರೆಗೆ ಜೀಪು, ಆಮೇಲೆ ನಮ್ಮ ಹಳ್ಳಿಗೆ ನಡಿಗೆ. ದಾರಿಯಲ್ಲಿ ಮಳೆ ಬಂದು ಶಾಯಿ ಕಲಸಿಹೋದರೆ ಎಂದು ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿಕೊಟ್ಟಿದ್ದೇನೆ. ಅದು ಹರಿದಿದ್ದರೆ ತಪ್ಪು ನನ್ನದಲ್ಲ.

ಅಕ್ಷರ ಕೆಟ್ಟದಾಗಿದೆ, ಗೊತ್ತು. ಮಾಸ್ತರರು ಓಡಿಹೋದ ಮೇಲೆ ಮೂರನೇ ತರಗತಿಗೇ ನನ್ನ ಓದು ನಿಂತಿತಲ್ಲ. ಲುನ್ ಬರೆದುಕೊಡುತ್ತೇನೆ ಅಂದಳು. ಈ ಕಾಗದವನ್ನು ಮಗಳ ಕೈಯಲ್ಲಿ ಬರೆಸುವ ಹಾಗಿಲ್ಲ.

ಏಳು ವರ್ಷವಾಯಿತು ನೀನು ನನಗೆ ಒಂದು ಸಾಲು ಬರೆಯದೆ. ಯಾಕೆ ಎಂದು ನಾನು ಕೇಳುವುದಿಲ್ಲ. ಲಿಯಾನ್‌ನನ್ನು ನಮ್ಮ ಜೊತೆ ಕಳಿಸಿದೆ. ಇದ್ದೊಬ್ಬ ಮಗ. ಮಲೇಷ್ಯಾದಿಂದ ನಿನಗೆ ಬಂದದ್ದು ಮೂರು ಸಾಲು.

ಇಲ್ಲಿಯ ವಿಷಯ ಬರೆದರೆ ನೀನು ನಂಬುವುದಿಲ್ಲ. ಕಳೆದ ತಿಂಗಳು ಆಕಾಶದಿಂದ ನೀರು ಬಿತ್ತು, ಬಿದ್ದಲ್ಲೇ ಗಾಜಾಯಿತು. ಒಂದೊಂದು ಕಡ್ಡಿ, ಒಂದೊಂದು ಒಣಗಿದ ಎಲೆ, ಬಟ್ಟೆ ಒಣಹಾಕುವ ತಂತಿ, ಎಲ್ಲ ಗಾಜಿನೊಳಗೆ. ಸೂರ್ಯ ಬಂದಾಗ ಬೀದಿ ಪೂರ್ತಿ ಉರಿದ ಹಾಗೆ ಕಂಡಿತು. ಬೈಬಲಿನ ಪ್ರಕಟನೆಯ ಪುಸ್ತಕದಲ್ಲಿ ಬರುವ ಗಾಜಿನ ಊರು ಇದೇ ಇರಬೇಕು ಎಂದು ನಾನು ಬಾಗಿಲಲ್ಲೇ ನಿಂತೆ. ನಮ್ಮ ಯಜಮಾನರು ಪೌ ಒಳಗಿಂದ ಕೂಗಿದರು, "ಸ್ವರ್ಗ ಆಮೇಲೆ ನೋಡ್ಬಹುದು, ಬಾಗಿಲು ಹಾಕು, ಥಂಡಿ ಬರ್ತಿದೆ."

ಪೌ ಕಿಟಕಿ ಗಾಜಿನ ಕಾರ್ಖಾನೆಯಲ್ಲಿದ್ದಾರೆ. ನಾನು ಹೋಟೆಲಿನ ಹಾಸಿಗೆ ಬಟ್ಟೆ ಮಡಚುತ್ತೇನೆ. ಲುನ್‌ಳ ಗಂಡ ಅಂಗಡಿಯೊಂದರಲ್ಲಿ ಹಸಿ ಮೀನು ಕೊಯ್ದು ಅನ್ನದ ಮೇಲಿಟ್ಟು ಮಾರುತ್ತಾನೆ. ಅದು ಜಪಾನಿನವರ ಊಟವಂತೆ. ಸಮುದ್ರವನ್ನೇ ಕಾಣದ ನಮ್ಮ ಬೆಟ್ಟದ ಹುಡುಗರು ಜಪಾನಿನವರ ಊಟ ತಯಾರಿಸಿ ಬಿಳಿಯರಿಗೆ ಬಡಿಸುತ್ತಾರೆ, ಬಿಳಿಯರು ಕಣ್ಣು ಮುಚ್ಚಿ ಚಪ್ಪರಿಸುತ್ತಾರೆ. ಭಾನುವಾರ ಚರ್ಚಿನಲ್ಲಿ ಏಳುನೂರು ಜನ ನಮ್ಮ ಮಾತಿನಲ್ಲಿ ಹಾಡುತ್ತೇವೆ. ಮೊದಲ ಸಲ ಕೇಳಿದಾಗ ಹಾಡುವುದು ಬಿಟ್ಟು ಕೇಳುತ್ತಾ ಕುಳಿತುಬಿಟ್ಟೆ.

ಈಗ ಬರೆಯಬೇಕಾದ್ದು ಬರೆಯುತ್ತೇನೆ. ಲುನ್ ಮತ್ತೆ ಬಸುರಿ. ಆಸ್ಪತ್ರೆಯವರು ಯಂತ್ರ ಇಟ್ಟು ಗಂಡು ಅಂದರು. ಅದರ ಎದೆಬಡಿತವನ್ನೂ ಕೇಳಿಸಿದರು ಅಣ್ಣಾ. ಕುದುರೆ ಓಡಿದ ಹಾಗಿತ್ತು. ಹುಟ್ಟದವನ ಸದ್ದು ಕೇಳುವುದು ಸರಿಯೋ ಪಾಪವೋ ಎಂದು ಭಯವಾಗಿ ಕಿವಿ ಮುಚ್ಚಿಕೊಂಡೆ, ಆಮೇಲೆ ತೆರೆದೆ.

ದಾದಿ ಫಾರಂ ಹಿಡಿದು ಮನೆತನದ ಹೆಸರು ಕೇಳಿದಳು. ನಮಗೆ ಹಾಗೊಂದಿಲ್ಲ ಎಂದೆ. ಅಜ್ಜನ ಹೆಸರಿನ ಕೊನೆಯ ತುಂಡು ಮೊಮ್ಮಗನ ಹೆಸರಿಗೆ ಮೊದಲ ತುಂಡಾಗುತ್ತದೆ, ಮುಂದಿನವನು ಹಿಂದಿನವನ ಬಾಲ ಹಿಡಿದು ನಡೆಯುತ್ತಾನೆ ಎಂದೆ. ಲುನ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ದಾದಿ ಪೆನ್ನು ಕೆಳಗಿಟ್ಟು, "ಎಷ್ಟು ಹಿಂದಿನಿಂದ?" ಎಂದು ಕೇಳಿದಳು.

ಮೊದಲ ಮೊಮ್ಮಗ ಅಪ್ಪನ ಅಪ್ಪನ ಹೆಸರು ಹೊತ್ತಿದ್ದಾನೆ. ಎರಡನೆಯವನ ಮೇಲೆ ತಾಯಿಯ ಅಪ್ಪನ ಹಕ್ಕು, ಅಂದರೆ ಪೌನ ಹಕ್ಕು. ನಮಗೆ ಇರುವವಳು ಲುನ್ ಒಬ್ಬಳೇ, ಬೇರೆ ಮೊಮ್ಮಗ ಎಲ್ಲಿಂದ ಬರಬೇಕು? ನಿನಗಂತೂ ಹೆಸರು ಹೊರುವವರು ಯಾರೂ ಇಲ್ಲ. ಈ ಕೂಸಿಗೆ ಅಣ್ಣನ ಹೆಸರು ಇಡೋಣ ಎಂದು ಒಂದು ದಿನ ಪೌಗೆ ಹೇಳಿದೆ. ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು. ಕಾರ್ಖಾನೆಯಲ್ಲಿ ಆಗಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು, ನನ್ನ ಹೆಸರಿನವನು ಬರ್ತಾನೆ ಎಂದು. ತಟ್ಟೆ ಸರಿಸಿ, "ಅವ್ರಿಗೆ ಬರಿ. ಒಪ್ಪಿದ್ರೆ ಅವ್ರ ಹೆಸ್ರೇ ಇಡೋಣ" ಎಂದರು. ಅಷ್ಟೇ.

ಹೆಸರಿನವನು ಬಾಯಿಬಿಟ್ಟು ಒಪ್ಪದೆ, ಹರಸದೆ, ಹೆಸರು ಇಡುವ ಹಾಗಿಲ್ಲ. ಸಿಟ್ಟಿನಲ್ಲಿರುವವನ ಹೆಸರು ಕೂಸಿನ ಮೇಲೆ ಕಲ್ಲಾಗಿ ಕೂರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಮೇ ಕೊನೆಗೆ ಹೆರಿಗೆ. ಒಂದು ಮಾತು ಬರೆ. ಇಲ್ಲ ಎಂದಾದರೂ ಬರೆ.

ನಿನ್ನ ತಂಗಿ,
ವುಂಗ್ ಲಾಮ್ ನಿಯಾಂಗ್

*

ಟಲ್ಸಾ
7 ಏಪ್ರಿಲ್ 2013

ಅಣ್ಣಾ,

ನಿನ್ನಿಂದ ಏನೂ ಬಂದಿಲ್ಲ. ಹೋದವರು ತಲುಪಿದ್ದೇ ತಡವಿರಬಹುದು, ಜೀಪು ಕೆಟ್ಟಿರಬಹುದು, ನಿನಗೇ ಮೈ ಸರಿಯಿಲ್ಲದಿರಬಹುದು. ಅತ್ತಿಗೆಗೇನಾದರೂ ಆಯಿತೋ ಎಂದು ನಿನ್ನೆಯಿಂದ ಹೊಸ ಚಿಂತೆ ಶುರುವಾಗಿದೆ. ಪೌ ಅನ್ನುತ್ತಾರೆ, "ನಿನಗೆ ಚಿಂತೆ ಮಾಡೋದಕ್ಕೆ ಸಂಬಳ ಕೊಡೋ ಹಾಗಿದ್ರೆ ಇಷ್ಟೊತ್ತಿಗೆ ನಾವು ಎರಡು ಮನೆ ಕಟ್ತಿದ್ವಿ."

ಮನೆ ಅಂದೆನಲ್ಲ, ಒಂದು ನಮ್ಮದೇ ಆಗಿದೆ. ಹಿಂದೆ ಅಂಗೈಯಷ್ಟು ಜಾಗ. ಪುಂಡಿ ಸೊಪ್ಪಿನ ಬೀಜ ಹಾಕಿದ್ದೇನೆ. ನಮ್ಮ ಬೀದಿಯಲ್ಲಿ ಒಂಬತ್ತು ಮನೆ ನಮ್ಮವರದೇ. ಯಾರ ಮನೆಯಲ್ಲಿ ಜೋಳ ಮಾಂಸದ ಸಬುತಿ ಬೇಯುತ್ತಿದೆ ಎಂದು ನಡೆದು ಹೋಗುವಾಗ ಮೂಗೇ ಹೇಳುತ್ತದೆ.

ಮೊನ್ನೆ ಮಧ್ಯಾಹ್ನ ಸೈರನ್ ಕೂಗಿತು. ಇಲ್ಲಿ ಸುಂಟರಗಾಳಿ ಮನೆಗಳನ್ನೇ ಎತ್ತಿ ಒಯ್ಯುತ್ತದೆ. ಕಿಟಕಿಯಿಲ್ಲದ ಕೋಣೆ ಸೇರಬೇಕಂತೆ. ನಮ್ಮ ಬಚ್ಚಲಿನಲ್ಲಿ ಮೂರು ಮನೆಯವರು, ಹದಿಮೂರು ಜನ. ಬೀಗರು ಖಾಯ್ ಮುದುಕರು, ಎಂಬತ್ತರ ಹತ್ತಿರ, ತೊಟ್ಟಿಯೊಳಗೆ ಕೂತು ಮೊದಲ ಮೊಮ್ಮಗನನ್ನು ಅಪ್ಪಿಕೊಂಡು, "ನನ್ನ ಹೆಸ್ರು ಭದ್ರವಾಗಿದೆ, ಗಾಳಿ ಈಗ ನನ್ನ ಒಯ್ದ್ರೂ ಚಿಂತೆ ಇಲ್ಲ" ಎಂದರು. ಎಲ್ಲರೂ ನಕ್ಕರು. ಪೌ ಕೂಡ. ಆಮೇಲೆ ಹೊರಗೆ ಬಂದು ನೋಡಿದೆ. ಪಶ್ಚಿಮಕ್ಕೆ ಆಕಾಶ ಹಸಿರಾಗಿತ್ತು, ಬೆಟ್ಟವಿಲ್ಲದ ಕಡೆ ಮೋಡವೇ ಬೆಟ್ಟವಾಗಿ ನಿಂತಿತ್ತು, ಅದರ ಹೊಟ್ಟೆಯೊಳಗೆ ಸದ್ದಿಲ್ಲದೆ ಮಿಂಚುತ್ತಿತ್ತು. ಇಷ್ಟು ದೊಡ್ಡದರ ಕೆಳಗೆ ದೇವರು ನಮ್ಮನ್ನು ತಂದಿಟ್ಟು ಬದುಕಲೂ ಬಿಟ್ಟಿದ್ದಾನಲ್ಲ ಎಂದುಕೊಂಡೆ. ನಮ್ಮನ್ನು ಬಿಟ್ಟು ಲಿಯಾನ್‌ನನ್ನು ಯಾಕೆ, ಎಂದೂ ಅನ್ನಿಸಿತು. ಈ ಸಾಲು ಹೊಡೆದುಹಾಕಬೇಕೆಂದಿದ್ದೆ. ಇರಲಿ.

ಬರೆ ಅಣ್ಣಾ.

ನಿಯಾಂಗ್

*

ತುಯ್‌ಲಾಮ್
5 ಮೇ 2013

ನಿಯಾಂಗ್‌ಗೆ,

ನಿನ್ನ ಎರಡು ಕಾಗದವೂ ಒಟ್ಟಿಗೆ ಬಂದವು. ಮೊದಲನೆಯದು ತೆದಿಮ್‌ನಲ್ಲಿ ಯಾರದೋ ಅಂಗಡಿಯಲ್ಲಿ ಕುಳಿತಿತ್ತು. ನಾನೂ ನಿನ್ನ ಅತ್ತಿಗೆಯೂ ಇದ್ದೇವೆ.

ಹೆಸರು ಗಂಟು ಕಟ್ಟಿ ಕಳಿಸುವ ಸಾಮಾನಲ್ಲ. ನನ್ನ ಹೆಸರು ಬೇಕೆಂದರೆ ಮೊದಲು ನನ್ನ ಮಗ ಹೇಗೆ ಸತ್ತ ಎಂದು ಹೇಳು. "ಜ್ವರ ಬಂದು ತೀರಿಕೊಂಡ, ಚೆನ್ನಾಗಿ ಮಣ್ಣು ಮಾಡಿದೆವು, ದೇವರ ಚಿತ್ತ" ಎಂಬುದು ನಿನ್ನ ಮೂರು ಸಾಲು. ಅದನ್ನು ತಂದವನ ಬಾಯಿಂದ ಬೇರೆ ಮಾತು ಬಂತು. ಆಸ್ಪತ್ರೆಗೆ ಒಯ್ಯೋಣ ಎಂದು ಜೊತೆಯವರು ಹೇಳಿದರೂ ಪೌ ಒಪ್ಪಲಿಲ್ಲವಂತೆ, ಪೊಲೀಸರಿಗೆ ಹೆದರಿ ಹುಡುಗನನ್ನು ಕೋಣೆಯಲ್ಲೇ ಮಲಗಿಸಿಕೊಂಡನಂತೆ. ಅದನ್ನು ಪೌನೇ ಅಲ್ಲಿಯ ಹಿರಿಯರ ಎದುರು ಒಪ್ಪಿಕೊಂಡನಂತೆ.

ಈಗ ಅದೇ ಪೌ ತನ್ನ ಹಕ್ಕು ಬಿಟ್ಟುಕೊಡುತ್ತಾನೋ? ಮಗನಿಗೆ ಬದಲು ಹೆಸರೋ? ಅವನು ಬಿಟ್ಟ ಎಂಜಲನ್ನು ನನ್ನ ಹೆಸರು ಮುಟ್ಟುವುದಿಲ್ಲ.

ಹೇಳುವುದಿದ್ದರೆ ಹೇಳು.

ಗಿನ್ ದೋ ಥಾಂಗ್

*

ಟಲ್ಸಾ
16 ಜೂನ್ 2013

ಅಣ್ಣಾ,

ಕೂಸು ಮೇ ಮೂವತ್ತರಂದು ಹುಟ್ಟಿತು. ನಾನು ಕೋಣೆಯಲ್ಲೇ ಇದ್ದೆ. ನೀಲಿಯಾಗಿ ಬಂದದ್ದು ನನ್ನ ಕಣ್ಣೆದುರೇ ಕೆಂಪಾಯಿತು, ಬೆಳಗಾಗುವುದನ್ನು ಬೆಟ್ಟದ ಮೇಲೆ ನೋಡಿದ ಹಾಗೆ. ಆಸ್ಪತ್ರೆಯವರು ಹೆಸರು ಕೇಳಿದರು. ಇನ್ನೂ ಬಂದಿಲ್ಲ ಎಂದೆವು. "ಎಲ್ಲಿಂದ ಬರಬೇಕು?" ಎಂದರು. ಬರ್ಮಾದಿಂದ, ನಡೆದುಕೊಂಡು ಎಂದು ಅಳಿಯ ಹೇಳಿದ. ಕಾಗದದಲ್ಲಿ ಬರೀ ಗಂಡು ಮಗು ಎಂದು ಬರೆದು ಕಳಿಸಿದ್ದಾರೆ. ಹೆಸರಿಲ್ಲದೆ ಕೂಸನ್ನು ಇಷ್ಟು ದಿನ ಯಾರಾದರೂ ಇಟ್ಟುಕೊಳ್ಳುತ್ತಾರೆಯೇ ಎಂದು ಬೀದಿಯ ಹೆಂಗಸರು ಗುಸುಗುಸು ಅನ್ನುತ್ತಾರೆ. ಖಾಯ್ ಮುದುಕರು "ಸಾಹೇಬರು" ಎಂದು ಕರೆಯುತ್ತಾರೆ. "ಸಾಹೇಬ್ರು ಎದ್ರೋ? ಸಾಹೇಬ್ರು ಉಚ್ಚೆ ಹೊಯ್ದ್ರೋ?"

ನಿನ್ನ ಕಾಗದ ಹೆರಿಗೆಯಾಗಿ ಆರನೆಯ ದಿನ ಬಂತು. ಓದಿ ನನಗೆ ಅರ್ಥವಾಗಲಿಲ್ಲ. ಮತ್ತೆ ಓದಿದೆ. ಪೌ ಹಿತ್ತಲಿನಲ್ಲಿ ಪುಂಡಿಗೆ ನೀರು ಹಾಕುತ್ತಿದ್ದರು. ಹೋಗಿ ಕೇಳಿದೆ.

"ಲಿಯಾನ್‌ನ ಆಸ್ಪತ್ರೆಗೆ ಒಯ್ಯೋದು ನೀವೇ ಬೇಡ ಅಂದ್ರಿ ಅಂತ ಹಿರಿಯರ ಮುಂದೆ ಹೇಳಿದ್ರಾ?"

"ಯಾವಾಗಿನ ಮಾತು ಈಗ."

"ಹೇಳಿದ್ರಾ ಇಲ್ವಾ?"

"ಹೇಳಿದೆ. ಕೇಳಿದ್ರು, ಯಾರಾದ್ರೂ ಒಬ್ರು ಹೊರಬೇಕಿತ್ತು. ನನ್ನ ಹೆಗಲು ಅಗಲ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೊರೋಕೆ ಬರ್ತಿದ್ದೆ" ಎಂದು ನೀರಿನ ಕೊಳವೆ ಇನ್ನೊಂದು ಸಾಲಿಗೆ ಹಾಕಿದರು.

ಅದಾದ ಮೇಲೂ ಏಳು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೇನೆ ಅಣ್ಣಾ. ಈ ಮನುಷ್ಯನನ್ನು ನಾನು ಅಂದು ಮೊದಲ ಸಲ ನೋಡಿದೆ.

ನೀನು ಕೇಳಿದ್ದನ್ನು ಈಗ ಹೇಳುತ್ತೇನೆ. ಕ್ವಾಲಾಲಂಪುರದಲ್ಲಿ ಐದನೆಯ ಮಾಳಿಗೆ, ಮೂರು ಕೋಣೆ, ಹಗ್ಗಕ್ಕೆ ಬಟ್ಟೆಯ ಪರದೆ ಕಟ್ಟಿ ಇಪ್ಪತ್ತೆರಡು ಜನ. ಯಾರ ಹತ್ತಿರವೂ ಕಾಗದಪತ್ರ ಇಲ್ಲ. ಹಿಂದಿನ ವಾರವಷ್ಟೇ ಆಸ್ಪತ್ರೆಗೆ ಹೋದ ಒಬ್ಬ ಹೆಂಗಸನ್ನು ದಾರಿಯಲ್ಲಿ ಹಿಡಿದಿದ್ದರು. ಲಿಯಾನ್‌ಗೆ ಜ್ವರ ಬಂದು ನಾಲ್ಕನೆಯ ದಿನ ವಸಡಿನಲ್ಲಿ ರಕ್ತ ಕಂಡಿತು. ಪೌ ಅವನನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲವರೆಗೆ ಹೋದರು. ನಾನು ಓಡಿಹೋಗಿ ಮೆಟ್ಟಿಲಿಗೆ ಅಡ್ಡ ಕುಳಿತು ಅವರ ಅಂಗಿ ಹಿಡಿದೆ. "ಬಾಗಿಲಲ್ಲೇ ಹಿಡೀತಾರೆ, ನಿಮ್ಮನ್ನೂ ಒಯ್ತಾರೆ, ಲುನ್‌ನ ನಾನೊಬ್ಳೇ ಏನು ಮಾಡ್ಲಿ? ಒಂದು ದಿನ ನೋಡೋಣ, ಜ್ವರ ಇಳಿಯುತ್ತೆ" ಎಂದೆ. ಬೇಡ ಎಂದವಳು ನಾನು. ಪೌ ಬಹಳ ಹೊತ್ತು ಅವನನ್ನು ಹೊತ್ತುಕೊಂಡೇ ನಿಂತಿದ್ದರು. ಲಿಯಾನ್‌ಗೆ ಎಲ್ಲ ಕೇಳಿಸುತ್ತಿತ್ತು. "ಇರ್ಲಿ ಅತ್ತೆ, ನಾಳೆ ಹೋಗೋಣ" ಎಂದ. ನನ್ನ ಭಯಕ್ಕೆ ಅವನು ಸಮಾಧಾನ ಹೇಳಿದ.

ಮರುದಿನ ಜ್ವರ ಇಳಿಯಿತು. ನಾನು ಗೆದ್ದವಳ ಹಾಗೆ ಪೌನ ಮುಖ ನೋಡಿದೆ. ಮಧ್ಯಾಹ್ನ ಲಿಯಾನ್ ಸಬುತಿ ಕೇಳಿದ. ಜೋಳ ಎಲ್ಲಿ ಸಿಗುತ್ತದೆ ಎಂದು ಕೆಳಗೆ ಹೋಗಿ ಹುಡುಕಿ ತಂದೆ. ಬರುವಷ್ಟರಲ್ಲಿ ಮುಗಿದಿತ್ತು.

ಇದಕ್ಕಿಂತ ಬೇರೆ ಏನೂ ಇಲ್ಲ. ಆ ಮೂರು ಸಾಲು ಬರೆಯಲು ನನಗೆ ಹನ್ನೊಂದು ದಿನ ಹಿಡಿಯಿತು, ಮೂರರಲ್ಲೂ ನಾನೆಲ್ಲಿಯೂ ಇರಲಿಲ್ಲ.

ಹೆಸರು ಕೊಡುವುದು ಬಿಡುವುದು ನಿನ್ನದು. ಪೌನನ್ನು ಮಾತ್ರ ಏನೂ ಅನ್ನಬೇಡ.

ವುಂಗ್ ಲಾಮ್ ನಿಯಾಂಗ್

*

ತುಯ್‌ಲಾಮ್
21 ಜುಲೈ 2013

ತಂಗೀ,

ನಿನ್ನ ಕಾಗದವನ್ನು ಮೊದಲು ನಾನೊಬ್ಬನೇ ಓದಿದೆ. ಜೋಳದ ಹೊಲಕ್ಕೆ ಒಯ್ದೆ, ಮೂರು ದಿನ ಕಳೆ ಕಿತ್ತೆ, ಮೂರು ದಿನವೂ ಸೊಂಟದಲ್ಲಿ ಅದು ಇತ್ತು. ನಾಲ್ಕನೆಯ ದಿನ ನಿನ್ನ ಅತ್ತಿಗೆಗೆ ಓದಿ ಹೇಳಿದೆ. "ಅತ್ತೆ" ಎಂದು ಕರೆದನೋ ಎಂದು ಮಾತ್ರ ಕೇಳಿದಳು. ಹೌದೆಂದೆ. ಆಮೇಲೆ ಆ ಸಾಲನ್ನು ಮತ್ತೆ ಮತ್ತೆ ಓದಿಸಿದಳು. ಏಳು ವರ್ಷದಲ್ಲಿ ಅವನ ಬಾಯಿಯ ಮಾತು ನಮಗೆ ಸಿಕ್ಕಿದ್ದು ಅದೊಂದೇ.

ಪೌನ ಬಗ್ಗೆ ಇಷ್ಟು ವರ್ಷ ನಾನು ಊರ ತುಂಬ ಕೆಟ್ಟ ಮಾತಾಡಿದ್ದೇನೆ. ಅವನ ಅಣ್ಣತಮ್ಮಂದಿರ ಮನೆಯ ಮದುವೆಗೆ ಹೋಗಿಲ್ಲ, ಸಾವಿಗೆ ಹೋಗಿಲ್ಲ. ಕಳೆದ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ಪೌ ನನ್ನ ಮಗನನ್ನು ಬೆನ್ನ ಮೇಲೆ ಹೊತ್ತವನು, ನಾನು ಆಡಿದ್ದು ಸುಳ್ಳು ಎಂದೆ. ಹಿಂದಿನ ಬೆಂಚಿನಿಂದ ಯಾರೋ, "ಹಾಗಾದ್ರೆ ಬೇಡ ಅಂದವರ್ಯಾರು?" ಎಂದು ಕೇಳಿದರು. "ಭಯ" ಎಂದು ಕುಳಿತೆ. ನಿನ್ನ ಹೆಸರು ಎತ್ತಲಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಕ್ಷಮಿಸಿರುತ್ತೇನೆ, ಸಂಜೆ ಆ ಮೆಟ್ಟಿಲು ಕಣ್ಣಿಗೆ ಬರುತ್ತದೆ. ನಾನು ಆ ಮೆಟ್ಟಿಲು ನೋಡಿದವನಲ್ಲ, ಆದರೂ ಬರುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು. ಅವನು ಚಿಕ್ಕವನು, ಒಂದು ವರ್ಷ ಬಿಟ್ಟು ಬರಲಿ ಎಂದು ನೀನು ಅಂದಿದ್ದೆ. ನೀನದನ್ನು ಮರೆತಿರಬಹುದು, ಇಲ್ಲವೇ ನೆನಪಿದ್ದೂ ಬರೆದಿಲ್ಲ. ಸೈನ್ಯದವರು ಮೂಟೆ ಹೊರಲು ಅವನನ್ನು ಎಳೆದೊಯ್ಯುತ್ತಾರೆಂದು ಹೆದರಿ ಬಲವಂತವಾಗಿ ಕಳಿಸಿದವನು ನಾನು. ಭಯ ನಿಮ್ಮ ಮನೆಯಲ್ಲಿ ಮಾತ್ರ ಇರಲಿಲ್ಲ.

ಈಗ ಹೆಸರಿನ ಮಾತು. ಸಿಟ್ಟು ನನ್ನದು, ಹೆಸರು ನನ್ನದಲ್ಲ. ಅದು ಅಜ್ಜನಿಂದ ಬಂದದ್ದು, ಅಜ್ಜನಿಗೆ ಅವನ ಅಜ್ಜನಿಂದ. ನನ್ನ ಸಿಟ್ಟು ಆರುವವರೆಗೆ ಅದು ಬಾಗಿಲಲ್ಲಿ ಕಾಯಬೇಕಾಗಿಲ್ಲ. ತಗೋ, ಕೊಟ್ಟಿದ್ದೇನೆ. ಮೊದಲ ತುಂಡು ನನ್ನದಿರಲಿ, ನಡುವಿನದು ನೀವು ಆರಿಸಿದ್ದು. ಕೊನೆಯ ತುಂಡು ಪೌನದಿರಬೇಕು. ಇದು ನನ್ನ ಶರತ್ತು. ಈ ಕೂಸು ಒಂದು ದಿನ ಅಜ್ಜನಾದಾಗ ಅವನ ಮೊಮ್ಮಗ ಪೌನಿಂದ ಶುರುವಾಗಲಿ.

ಹರಕೆಯನ್ನು ಎಲ್ಲರ ಎದುರು ಓದಿ: ನನ್ನ ಕಾಲಿನ ಬಲ ಅವನ ಕಾಲಿಗೆ ಬರಲಿ. ನನ್ನ ಕಣ್ಣು ಅರವತ್ತಕ್ಕೂ ಚೆನ್ನಾಗಿದೆ, ಅದೂ ಬರಲಿ. ನನ್ನ ಹಠ ಇಲ್ಲೇ ಇರಲಿ. ಅವನು ಹೊರುವವನಾಗಲಿ, ಅವನನ್ನು ಹೊರುವವರೂ ಇರಲಿ.

ನೀನು ಅವನನ್ನು ಹೆಸರು ಹಿಡಿದೇ ಕರೆಯಬೇಕು. ಮುದ್ದಿನ ಹೆಸರಿಟ್ಟು ತಪ್ಪಿಸಿಕೊಳ್ಳಬೇಡ.

ನಿನ್ನ ಅಣ್ಣ,
ಗಿನ್ ದೋ ಥಾಂಗ್

*

ಟಲ್ಸಾ
15 ಸೆಪ್ಟೆಂಬರ್ 2013

ಅಣ್ಣಾ,

ನಿನ್ನೆ ಹೆಸರಿಟ್ಟೆವು.

ಮನೆಯವರಷ್ಟೇ ಸಾಕು ಎಂದಿದ್ದೆ. ಜನ ಹೆಚ್ಚಾದರೆ ಅನ್ನ ಸಾಲದೇ ಹೋದೀತು, ಪಕ್ಕದ ಬಿಳಿಯರು ದೂರು ಕೊಟ್ಟಾರು ಎಂದು ಎರಡು ದಿನ ಪೌನ ತಲೆ ತಿಂದೆ. ಬೆಟ್ಟದಿಂದ ಹೆಸರು ಬಂದಿದೆ ಎಂಬ ಸುದ್ದಿ ಹೇಗೆ ಹರಡಿತೋ. ಒಳಗೆ ಜಾಗ ಮುಗಿದು ಹಿತ್ತಲು, ಹಿತ್ತಲು ಮುಗಿದು ರಸ್ತೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಸಾಲು ಮೂರನೆಯ ಮನೆಯವರೆಗೆ ಹೋಗಿತ್ತು. ಬಂದವರೆಲ್ಲರ ಕೈಯಲ್ಲೂ ಒಂದೊಂದು ಪಾತ್ರೆ. ದೂರು ಕೊಡುತ್ತಾರೆಂದು ನಾನು ಹೆದರಿದ್ದ ಪಕ್ಕದ ಮುದುಕಿ ಒಂದು ಕೇಕು ತಂದು, ಸಬುತಿ ಮೂರು ಬಟ್ಟಲು ಕುಡಿದು ಹೋದಳು.

ಕಾಗದವನ್ನು ಪೌ ಓದಬೇಕೆಂದು ನಾನೇ ಅಂದೆ. ಹರಕೆಯಷ್ಟೇ ಓದಿದರೆ ಸಾಕು ಎಂದು ಅವರು ಅಂದುಕೊಂಡಿದ್ದರು. ಪೂರ್ತಿ ಓದಿ ಎಂದೆ. ನನ್ನ ಪಾಲಿನದೂ ಓದಿ ಎಂದೆ. ಅವರು ನನ್ನ ಮುಖ ನೋಡಿದರು. ಎಲ್ಲರ ಎದುರು ನಾನೇ ಎದ್ದು ಆ ಮೆಟ್ಟಿಲಿನ ಕಥೆ ಮೊದಲು ಹೇಳಿದೆ, ಆಮೇಲೆ ಅವರು ಓದಿದರು. ಕ್ವಾಲಾಲಂಪುರದ ಆ ಕೋಣೆಯಲ್ಲಿ ನಮ್ಮ ಜೊತೆಯಿದ್ದ ಇಬ್ಬರು ಗುಂಪಿನಲ್ಲಿದ್ದರು. ಒಬ್ಬಾಕೆ ಬಂದು ನನ್ನ ಪಕ್ಕ ನಿಂತಳು.

ಕೊನೆಯ ತುಂಡು ಪೌನದಿರಬೇಕು ಎಂಬಲ್ಲಿಗೆ ಬಂದಾಗ ಪೌನ ಓದು ನಿಂತಿತು. ಮಾಳಿಗೆಯ ಮೆಟ್ಟಿಲಲ್ಲಿ ನಿಂತ ಹಾಗೆಯೇ ಬಹಳ ಹೊತ್ತು ನಿಂತರು. ಖಾಯ್ ಮುದುಕರು, "ಓದಪ್ಪಾ ಬೀಗಾ, ಸಾಹೇಬ್ರಿಗೆ ಹಸಿವು" ಎಂದರು. ಯಾರೂ ನಗಲಿಲ್ಲ, ಮುದುಕರೇ ಕಣ್ಣು ಒರೆಸಿಕೊಂಡರು. ಹರಕೆಯನ್ನು ಪೌ ಗಟ್ಟಿಯಾಗಿ ಓದಿದರು. "ಅವನನ್ನು ಹೊರುವವರೂ ಇರಲಿ" ಎಂದಾಗ ರಸ್ತೆಯಲ್ಲಿದ್ದವರೂ ಸೇರಿ ಆಮೆನ್ ಎಂದರು. ಇನ್ನೂರು ಜನರ ಆಮೆನ್ ಅಣ್ಣಾ, ಯಾವ ಸಂಬಂಧವೂ ಇಲ್ಲದವರ ಬಾಯಿಂದ. ಕಿಟಕಿ ಗಾಜು ಅದುರಿತು.

ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟು, ಅಜ್ಜಿ ಮೊದಲು ಕರೆಯಲಿ ಎಂದರು.

ನನಗೆ ಬಾಯಿ ಬರಲಿಲ್ಲ. ನಲವತ್ತೊಂಬತ್ತು ವರ್ಷದಲ್ಲಿ ನಿನ್ನ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಕರೆದವಳಲ್ಲ. ಒಡಹುಟ್ಟಿದ ದೊಡ್ಡವರ ಹೆಸರು ಹೇಳಿದರೆ ಅಮ್ಮ ತುಟಿಯ ಮೇಲೆ ಹೊಡೆಯುತ್ತಿದ್ದಳಲ್ಲ. ಮಲೇಷ್ಯಾದಲ್ಲಿ ನಿರಾಶ್ರಿತರ ಕಚೇರಿಯವರು ಅಣ್ಣನ ಹೆಸರೇನು ಎಂದು ಕೇಳಿದಾಗಲೂ ಪೌ ಕಡೆ ಕೈ ತೋರಿಸಿದ್ದೆ. ನಿನಗೆ ಇದು ಗೊತ್ತು. ಗೊತ್ತಿದ್ದೇ ಹಾಗೆ ಬರೆದಿದ್ದೀಯ.

ಎಲ್ಲರೂ ಕಾದರು. ಲುನ್, "ಅಮ್ಮಾ, ಕರಿ" ಎಂದು ಮೊಣಕೈಯಿಂದ ತಿವಿದಳು. ನಾನು ಕೂಸಿನ ಕಿವಿಯ ಹತ್ತಿರ ಬಾಯಿ ತಂದೆ.

ಥಾಂಗ್ ಎಂದೆ. ಥಾಂಗ್ ಸಿಯಾನ್ ಪೌ ಎಂದೆ.

ನೆಲ ಬಾಯಿ ಬಿಡಲಿಲ್ಲ. ಕೂಸು ಬಾಯಿಂದ ಬೆರಳು ತೆಗೆದು ನನ್ನ ಕಡೆ ನೋಡಿತು, ನಾನು ಮತ್ತೆ ಏನಾದರೂ ಹೇಳುತ್ತೇನೆಂದು ಕಾಯುತ್ತಿರುವ ಹಾಗೆ.

ನಿನ್ನ ತಂಗಿ,
ವುಂಗ್ ಲಾಮ್ ನಿಯಾಂಗ್